ಹಂದಿಗೊಂದು ಚರೆ, ಹಕ್ಕಿಗೊಂದು ಚರೆ

ಮಂಗಳೂರು ನಗರದ ಕಂಕನಾಡಿಯ ಗರೋಡಿಯಲ್ಲಿ ಕೋಟಿ-ಚೆನ್ನಯರಿಗೆ ಪೂಜೆ ಸಲ್ಲುತ್ತದೆ. ಈ ಅವಳಿ ವೀರರ ಕೊನೆಯ ಕಾಳಗಕ್ಕೆ ಮೂಲ ಒಂದು ಕಾಡುಹಂದಿ ಎಂಬುದು ತುಳುನಾಡಿನಲ್ಲಿ ಎಲ್ಲರೂ ಬಲ್ಲ ಕಥೆ. ಬೇಟೆಯಲ್ಲಿ ಬಿದ್ದ ಹಂದಿ ಯಾರಿಗೆ ಸೇರಬೇಕು ಎಂದು ಪಂಜ ಮತ್ತು ಎಣ್ಮೂರು ಸೀಮೆಗಳ ನಡುವೆ ಹುಟ್ಟಿದ ವ್ಯಾಜ್ಯ ಯುದ್ಧಕ್ಕೆ ತಿರುಗಿತೆಂದು ಪಾಡ್ದನಗಳು ಹೇಳುತ್ತವೆ. ಘಟ್ಟದ ಮೇಲಿನ ಸೀಮೆಯಲ್ಲೂ ಹಂದಿಬೇಟೆಗೆ ಇಂಥದೇ ಹಿರಿಮೆ ಇತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನ ಕಾಳಿ ಎಂಬ ನಾಯಿಯ ನೆನಪಿಗಾಗಿ ನಿಲ್ಲಿಸಿದ್ದು. ಹಂದಿಯೊಡನೆ ಹೋರಾಡಿದ ಆ ನಾಯಿಯೂ ಸತ್ತಿತು, ಹಂದಿಯೂ ಸತ್ತಿತು ಎಂದು ಅದರಲ್ಲಿ ದಾಖಲಾಗಿದೆ.

ಬಿಲ್ಲು, ಈಟಿ, ಕತ್ತಿ, ನಾಯಿ, ಬಲೆ ಇವಿಷ್ಟೇ ಸಾಧನಗಳಾಗಿದ್ದ ಆ ಕಾಲದಲ್ಲಿ ಬೇಟೆಗಾರ ಪ್ರಾಣಿಯ ಹತ್ತಿರ ಹೋಗಲೇಬೇಕಿತ್ತು. ಏಟು ತಪ್ಪಿದರೆ ಅವನ ಜೀವಕ್ಕೇ ಅಪಾಯ. ಕೋವಿ ಬಂದ ಮೇಲೆ ಬೇಟೆಗಾರ ದೂರ ಸರಿದು ನಿಂತ. ಏಟು ತಪ್ಪಿದರೆ ಅವನಿಗೆ ನಷ್ಟವಿಲ್ಲ. ಏಟು ಅರ್ಧ ತಗಲಿದರೆ ನೋವು ಪ್ರಾಣಿಯ ಪಾಲಿಗೆ. ಹೀಗಾಗಿ ಕೋವಿಯ ಕಾಲದಲ್ಲಿ ಬೇಟೆಯ ನೀತಿ ಹೊಸದೊಂದು ಪ್ರಶ್ನೆಯನ್ನು ಎದುರಿಸಬೇಕಾಯಿತು. ಯಾವ ಪ್ರಾಣಿಗೆ, ಎಷ್ಟು ದೂರದಿಂದ, ಎಂಥ ಚರೆಯನ್ನು ಹಾರಿಸಬೇಕು?

ಬೇಟೆ ಇಂದು ಕಾನೂನಿನಲ್ಲಿ ನಿಷಿದ್ಧ. ಆದರೆ ಕೋವಿ ಮಾಯವಾಗಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಇರುವ ಕೋವಿಗಳು ದಕ್ಷಿಣ ಕನ್ನಡ, ಕೊಡಗು ಹಾಗೂ ಮಲೆನಾಡಿನ ಅನೇಕ ಕೃಷಿಕರ ಮನೆಗಳಲ್ಲಿ ಈಗಲೂ ಇವೆ. ಆದ್ದರಿಂದ ಚರೆಯ ಈ ಲೆಕ್ಕ ಕೇವಲ ಹಳೆಯ ಶಿಕಾರಿಯವರ ಹರಟೆಯ ವಿಷಯವಲ್ಲ. ಅದನ್ನು ಅರಿಯದ ಕೈಯಲ್ಲಿ ಕೋವಿ ಪ್ರಾಣಿಗೂ ನೆರೆಮನೆಗೂ ಒಂದೇ ಸಮನೆ ಅಪಾಯಕಾರಿ.

ಗುಂಡು ಬೇರೆ, ಚರೆ ಬೇರೆ

ಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೀರುಗಳಿದ್ದು ಒಂದೇ ಗುಂಡನ್ನು ತಿರುಗಿಸುತ್ತ ದೂರಕ್ಕೆ ಎಸೆಯುವುದು ರೈಫಲ್. ಒಳಮೈ ನುಣುಪಾಗಿದ್ದು, ಒಂದೇ ಈಡಿಗೆ ಹತ್ತಾರು ಅಥವಾ ನೂರಾರು ಸೀಸದ ಕಾಳುಗಳನ್ನು ಚೆಲ್ಲುವುದು ನಮ್ಮ ಹಳ್ಳಿಗಳ ಸಾಮಾನ್ಯ ಕೋವಿ. ಈ ಕಾಳುಗಳೇ ಚರೆ. ಇದೇ ಕೋವಿಯಿಂದ ಒಂಟಿ ಗುಂಡನ್ನೂ ಹಾರಿಸಬಹುದಾದರೂ ಅದು ಹುಟ್ಟಿದ್ದು ಚರೆಗಾಗಿ. ಹಾರುವ ಹಕ್ಕಿ, ಓಡುವ ಮೊಲ ಇವುಗಳಿಗೆ ಒಂಟಿ ಗುಂಡು ತಗಲಿಸುವುದು ಬಹುತೇಕ ಅಸಾಧ್ಯ. ಹರಡಿಕೊಂಡು ಹೋಗುವ ಚರೆಯಾದರೆ ಗುರಿಯ ಸಣ್ಣ ತಪ್ಪನ್ನು ಮುಚ್ಚಿಕೊಡುತ್ತದೆ.

ಕೋವಿಗಳಲ್ಲೂ ಹಳತು, ಹೊಸತು ಎಂದಿವೆ. ಕೇಪಿನ ಕೋವಿಯನ್ನು ಬಾಯಿಯಿಂದ ತುಂಬಬೇಕು. ಮೊದಲು ಮಸಿ, ಅದರ ಮೇಲೆ ತೆಂಗಿನ ನಾರಿನ ಉಂಡೆ, ಸಲಾಕೆಯಿಂದ ಬಿಗಿಯಾಗಿ ಜಡಿದ ಬಳಿಕ ಚರೆ, ಅದು ಹೊರಗೆ ಉರುಳದಂತೆ ಮತ್ತೆ ನಾರು. ಎಷ್ಟು ಮಸಿ, ಎಷ್ಟು ಚರೆ ಎಂಬುದು ತುಂಬುವವನ ಅಂದಾಜಿಗೆ ಬಿಟ್ಟದ್ದು. ತೋಟಾ ಕೋವಿಯಲ್ಲಿ ಈ ಎಲ್ಲ ಸಾಮಗ್ರಿ ಕಾರ್ಖಾನೆಯಲ್ಲೇ ಅಳತೆಯಂತೆ ತುಂಬಿ ಬರುತ್ತದೆ. ಕೋವಿಯನ್ನು ಮುರಿದು ತೋಟಾ ಇಟ್ಟು ಮುಚ್ಚಿದರೆ ಸಾಕು. ನಮ್ಮಲ್ಲಿ ಬಳಕೆಯಲ್ಲಿರುವ ಬಹುಪಾಲು ತೋಟಾ ಕೋವಿಗಳು ಹನ್ನೆರಡರ ಬೋರಿನವು. ಹನ್ನೆರಡು ಎಂಬ ಈ ಸಂಖ್ಯೆ ಅಂಗುಲದ ಅಳತೆಯಲ್ಲ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವಷ್ಟು ಅಗಲದ ನಳಿಗೆ ಎಂದು ಇದರ ಅರ್ಥ. ಲೆಕ್ಕ ಹಾಕಿದರೆ ಸುಮಾರು 18.5 ಮಿಲಿಮೀಟರ್ ಆಗುತ್ತದೆ.

ಸೀಸವನ್ನು ದುಂಡಗಿನ ಸಣ್ಣ ಕಾಳುಗಳಾಗಿ ಮಾಡುವುದು ಒಂದು ಕಾಲದಲ್ಲಿ ತಲೆನೋವಿನ ಕೆಲಸವಾಗಿತ್ತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಇದಕ್ಕೊಂದು ಸುಲಭ ದಾರಿ ಕಂಡುಹಿಡಿದು 1782ರಲ್ಲಿ ಪೇಟೆಂಟ್ ಪಡೆದ. ಕರಗಿದ ಸೀಸವನ್ನು ಎತ್ತರದ ಗೋಪುರದ ಮೇಲಿಂದ ಜರಡಿಯ ಮೂಲಕ ಸುರಿದರೆ ಹನಿಗಳು ಬೀಳುತ್ತ ಬೀಳುತ್ತ ತಾವಾಗಿಯೇ ದುಂಡಗಾಗುತ್ತವೆ. ಕೆಳಗಿಟ್ಟ ನೀರಿನ ತೊಟ್ಟಿಗೆ ಬಿದ್ದು ಗಟ್ಟಿಯಾಗುತ್ತವೆ. ಮಳೆಹನಿಯನ್ನು ದುಂಡಗೆ ಮಾಡುವ ಶಕ್ತಿಯೇ ಇಲ್ಲೂ ಕೆಲಸ ಮಾಡುತ್ತದೆ. ಜರಡಿಯ ತೂತು ಬದಲಿಸಿದರೆ ಚರೆಯ ಗಾತ್ರವೂ ಬದಲಾಗುತ್ತದೆ. ಹೀಗೆ ಅಗ್ಗವಾಗಿ, ಒಂದೇ ಅಳತೆಯ ಚರೆ ಸಿಗತೊಡಗಿದ ಮೇಲೆ ಗಾತ್ರಕ್ಕೊಂದು ಸಂಖ್ಯೆ ಕೊಡುವ ಪದ್ಧತಿ ನೆಲೆನಿಂತಿತು.

ಸಂಖ್ಯೆ ಏರಿದಂತೆ ಗಾತ್ರ ಇಳಿಕೆ

ಹೊಸಬರನ್ನು ಗೊಂದಲಕ್ಕೆ ಕೆಡವುವುದು ಈ ಸಂಖ್ಯೆಯೇ. ಸಂಖ್ಯೆ ದೊಡ್ಡದಾದಷ್ಟೂ ಚರೆ ಸಣ್ಣದು. ಭಾರತದಲ್ಲಿ ರೂಢಿಗೆ ಬಂದದ್ದು ಬ್ರಿಟಿಷ್ ಪದ್ಧತಿ. ಅದರಂತೆ 9ನೇ ನಂಬರಿನ ಚರೆ 2 ಮಿಲಿಮೀಟರ್ ದಪ್ಪ, ಹೆಚ್ಚುಕಡಿಮೆ ಸಾಸಿವೆ ಕಾಳಿನಷ್ಟು. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ ತೂಕಕ್ಕೆ ಅಂಥವು 580 ಬೇಕು. 6ನೇ ನಂಬರಿನದು 2.6 ಮಿಲಿಮೀಟರ್, ಔನ್ಸಿಗೆ 270. 4ನೇ ನಂಬರಿನದು 3.1 ಮಿಲಿಮೀಟರ್, ಔನ್ಸಿಗೆ 170. 1ನೇ ನಂಬರಿನದು 3.6 ಮಿಲಿಮೀಟರ್, ಔನ್ಸಿಗೆ 100.

ಒಂದರಿಂದ ಮೇಲೆ ಸಂಖ್ಯೆ ಮುಗಿದು ಅಕ್ಷರಗಳು ಆರಂಭವಾಗುತ್ತವೆ. ಬಿ.ಬಿ. ಎಂಬುದು 4.1 ಮಿಲಿಮೀಟರ್ ದಪ್ಪವಿದ್ದು ಔನ್ಸಿಗೆ 70 ತೂಗುತ್ತದೆ. ಎ.ಎ.ಎ. ಎಂಬುದು ಕಾಳುಮೆಣಸಿನ ಗಾತ್ರದ್ದು, ಔನ್ಸಿಗೆ 35. ಎಸ್.ಜಿ. ಎಂಬುದು 8.4 ಮಿಲಿಮೀಟರ್, ಕಡಲೆಕಾಳಿನಷ್ಟು; ಔನ್ಸಿಗೆ ಎಂಟೇ ಎಂಟು. ಎಲ್ಲಕ್ಕಿಂತ ದೊಡ್ಡದಾದ ಎಲ್.ಜಿ. ಔನ್ಸಿಗೆ ಆರು ಮಾತ್ರ. ನಮ್ಮ ಕಡೆಯ ಹಳೆಯ ಈಡುಗಾರರು ಇಂಗ್ಲಿಷ್ ಬಾರದಿದ್ದರೂ ಎಲ್ಜಿ, ಎಸ್ಜಿ ಎಂದು ಸಲೀಸಾಗಿ ಹೇಳುತ್ತಿದ್ದುದು ಈ ಕಾರಣದಿಂದ. ಪುಣೆ ಬಳಿಯ ಖಡಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ‘ಶಕ್ತಿಮಾನ್’ ತೋಟಾಗಳ ಮೇಲೂ ಇದೇ ಅಕ್ಷರಗಳು, ಇದೇ ಸಂಖ್ಯೆಗಳು ಇರುತ್ತವೆ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಚರೆಯ ಸಂಖ್ಯೆಯನ್ನು 17ರಿಂದ ಕಳೆದರೆ ಅದರ ದಪ್ಪ ಅಂಗುಲದ ನೂರನೇ ಒಂದು ಭಾಗದ ಲೆಕ್ಕದಲ್ಲಿ ಸಿಗುತ್ತದೆ. ಆ ಪ್ರಕಾರ ಅಮೆರಿಕದ 6ನೇ ನಂಬರ್ ನಮ್ಮ 5ನೇ ನಂಬರಿಗೆ ಸಮ. ಅಮೆರಿಕದ ಪುಸ್ತಕ ಓದಿ ಇಲ್ಲಿ ತೋಟಾ ಆರಿಸಿದರೆ ಒಂದು ಮೆಟ್ಟಿಲು ತಪ್ಪುತ್ತದೆ.

ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ತೂಕದಲ್ಲಿ ಬಹಳ ವ್ಯತ್ಯಾಸವಾಗುವುದು ಗಮನಿಸಬೇಕಾದ ಸಂಗತಿ. ಗೋಲದ ತೂಕ ಅದರ ದಪ್ಪದ ಘನದಂತೆ ಏರುತ್ತದೆ. ಎಸ್.ಜಿ. ಚರೆಯು 6ನೇ ನಂಬರಿನ ಚರೆಗಿಂತ ದಪ್ಪದಲ್ಲಿ ಮೂರು ಪಟ್ಟಿಗೆ ತುಸು ಹೆಚ್ಚು. ತೂಕದಲ್ಲಿ ಮಾತ್ರ ಮೂವತ್ತಮೂರು ಪಟ್ಟು. 6ನೇ ನಂಬರಿನ ಒಂದು ಕಾಳು ಒಂದು ಗ್ರಾಮಿನ ಹತ್ತನೇ ಒಂದು ಪಾಲು ತೂಗಿದರೆ ಎಸ್.ಜಿ. ಮೂರೂವರೆ ಗ್ರಾಂ ತೂಗುತ್ತದೆ. ಭಾರದ ಕಾಳು ಗಾಳಿಯ ತಡೆಯನ್ನು ಸೀಳಿಕೊಂಡು ವೇಗ ಉಳಿಸಿಕೊಳ್ಳುತ್ತದೆ, ಮೈಯೊಳಗೆ ಆಳಕ್ಕೆ ಇಳಿಯುತ್ತದೆ. ಹಗುರವಾದದ್ದು ಬೇಗನೆ ಸೋಲುತ್ತದೆ.

ಎಣಿಕೆಯೋ, ತೂಕವೋ?

ಹಾಗಿದ್ದರೆ ಎಲ್ಲಕ್ಕೂ ದೊಡ್ಡ ಚರೆಯನ್ನೇ ಬಳಸಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಸರಳವಾದ ಒಂದು ಭಾಗಾಕಾರದಲ್ಲಿದೆ. ತೋಟಾದಲ್ಲಿ ತುಂಬಬಹುದಾದ ಸೀಸದ ತೂಕ ನಿಗದಿಯಾದದ್ದು. ಹನ್ನೆರಡರ ಬೋರಿನ ಸಾಮಾನ್ಯ ತೋಟಾಕ್ಕೆ ಸುಮಾರು 30 ಗ್ರಾಂ. ಕಾಳು ದೊಡ್ಡದಾದಷ್ಟೂ ಎಣಿಕೆ ಕಡಿಮೆಯಾಗುತ್ತದೆ. ಬೇಟೆಗಾರನ ಮುಂದಿರುವುದು ಎಣಿಕೆ ಮತ್ತು ತೂಕ ಇವೆರಡರ ನಡುವಿನ ಆಯ್ಕೆ.

ಕೋವಿ ತಯಾರಕರು ಚರೆ ಹರಡುವ ರೀತಿಯನ್ನು ಅಳೆಯಲು ಒಂದು ವಿಧಾನ ಇಟ್ಟುಕೊಂಡಿದ್ದಾರೆ. ನಲವತ್ತು ಗಜ ದೂರದಲ್ಲಿ ದೊಡ್ಡ ಹಾಳೆ ಕಟ್ಟಿ ಅದಕ್ಕೆ ಈಡು ಹಾರಿಸುತ್ತಾರೆ. ಮೂವತ್ತು ಅಂಗುಲ ಅಡ್ಡಳತೆಯ ವೃತ್ತದೊಳಗೆ ಶೇಕಡಾ ಎಷ್ಟು ಚರೆ ಬಿದ್ದಿದೆ ಎಂದು ಎಣಿಸುತ್ತಾರೆ. ನಳಿಗೆಯ ಮೂತಿಯನ್ನು ತುಸು ಕಿರಿದು ಮಾಡಿದರೆ ಚರೆ ಒತ್ತಾಗಿ ಹೋಗುತ್ತದೆ. ಇದಕ್ಕೆ ಚೋಕ್ ಎನ್ನುತ್ತಾರೆ. ಮೂತಿ ಕಿರಿದಾಗಿಲ್ಲದ ನಳಿಗೆಯಿಂದ ಶೇಕಡಾ 40, ಅರ್ಧ ಚೋಕಿನಿಂದ 60, ಪೂರ್ಣ ಚೋಕಿನಿಂದ 70ರಷ್ಟು ಚರೆ ಆ ವೃತ್ತದೊಳಗೆ ಬೀಳುತ್ತದೆ ಎಂಬುದು ಅಂಗೀಕೃತ ಲೆಕ್ಕ. ಜೋಡುನಳಿಗೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಎರಡು ನಳಿಗೆಗಳಿಗೂ ಬೇರೆಬೇರೆ ಚೋಕ್ ಇರುವುದು ಹತ್ತಿರದ ಬೇಟೆಗೊಂದು, ದೂರದ ಬೇಟೆಗೊಂದು ಎಂಬ ಉದ್ದೇಶದಿಂದ.

ಈಗ ಅರ್ಧ ಚೋಕಿನ ಕೋವಿಯಿಂದ 6ನೇ ನಂಬರಿನ ತೋಟಾ ಹಾರಿಸಿದೆವೆನ್ನಿ. ಅದರಲ್ಲಿರುವ ಸುಮಾರು 285 ಕಾಳುಗಳಲ್ಲಿ 170ರಷ್ಟು ವೃತ್ತದೊಳಗೆ ಬೀಳುತ್ತವೆ. ನಾಲ್ಕು ಚದರ ಅಂಗುಲಕ್ಕೆ ಒಂದರಂತೆ ಆಯಿತು. ಕಾಡುಕೋಳಿಯ ಮೈಗೆ ನಾಲ್ಕಾರು ಕಾಳು ಖಂಡಿತ ತಗಲುತ್ತವೆ. ಅದೇ ಕೋವಿಯಿಂದ ಬಿ.ಬಿ. ಹಾರಿಸಿದರೆ ವೃತ್ತದೊಳಗೆ ಬೀಳುವುದು ಸುಮಾರು 44; ಅಂದರೆ ಹದಿನಾರು ಚದರ ಅಂಗುಲಕ್ಕೊಂದು. ಗೌಜಲಹಕ್ಕಿಯಂಥ ಸಣ್ಣ ಹಕ್ಕಿ ಅವುಗಳ ನಡುವಿನಿಂದ ಪಾರಾಗಿ ಹೋದರೆ ಆಶ್ಚರ್ಯವಿಲ್ಲ. ಎಲ್.ಜಿ.ಯಾದರೋ ಮೂರು ನಾಲ್ಕು ಕಾಳುಗಳಷ್ಟೇ. ಹಕ್ಕಿಗೆ ಅದು ತಗಲಿದರೆ ತಿನ್ನಲು ಏನೂ ಉಳಿಯದು, ತಗಲದಿದ್ದರೆ ತೋಟಾ ವ್ಯರ್ಥ.

ಈ ಲೆಕ್ಕದಿಂದಲೇ ಬೇಟೆ ಕಾನೂನುಬದ್ಧವಾಗಿದ್ದ ಕಾಲದಲ್ಲಿ ಒಂದು ರೂಢಿ ಬೆಳೆದಿತ್ತು. ಗದ್ದೆಯ ಉಲ್ಲಂಕಿ, ಪುರಲೆ ಹಕ್ಕಿಗಳಿಗೆ 8ನೇ ನಂಬರ್. ಗೌಜಲು, ಪಾರಿವಾಳಗಳಿಗೆ 6 ಅಥವಾ 7. ಕಾಡುಕೋಳಿಗೆ 5 ಅಥವಾ 6. ಗಟ್ಟಿ ಗರಿಯ ಕಾಡುಬಾತು ಹಾಗೂ ಮೊಲಕ್ಕೆ 4. ಅದಕ್ಕಿಂತ ದೊಡ್ಡ ಮೈಯ ಹಕ್ಕಿಗಳಿಗೆ 1ನೇ ನಂಬರ್ ಅಥವಾ ಬಿ.ಬಿ. ಪೊದೆಯಿಂದ ಹತ್ತಿರದಲ್ಲಿ ನುಗ್ಗುವ ಕಾಡುಕುರಿ, ಹಂದಿಗಳಿಗೆ ಎಸ್.ಜಿ., ಎಲ್.ಜಿ. ಅಥವಾ ಒಂಟಿ ಗುಂಡು. ಹುಲಿ, ಕಾಟಿಗಳಿಗೆ ಚರೆ ಮುಟ್ಟಲೇಬಾರದು. ಎಷ್ಟೇ ಸರಿಯಾದ ನಂಬರಾದರೂ ಸಣ್ಣ ಚರೆಯನ್ನು ನಲವತ್ತು ಗಜಕ್ಕಿಂತ ಆಚೆ ಹಾರಿಸಬಾರದು ಎಂಬುದು ಎಲ್ಲಕ್ಕೂ ಮೇಲಿನ ನಿಯಮ.

ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳು ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಕೃತಿಗಳಲ್ಲಿ ಆ ಕಾಲದ ಬೇಟೆಯ ಬದುಕನ್ನು ಕನ್ನಡದ ಓದುಗರಿಗೆ ಕಟ್ಟಿಕೊಟ್ಟಿದ್ದಾರೆ. ಬೇಟೆ ಅಂದು ತುಳುನಾಡಿನ ಆಚರಣೆಗಳಲ್ಲೂ ಸೇರಿತ್ತು. ಭೂಮಿತಾಯಿ ಋತುಮತಿಯಾಗುವಳೆಂದು ಫೆಬ್ರವರಿಯಲ್ಲಿ ಆಚರಿಸುವ ಕೆಡ್ಡಸದ ಮೂರು ದಿನ ನೆಲ ಅಗೆಯಬಾರದು. ಆ ದಿನಗಳಲ್ಲಿ ಊರವರು ಕೂಡಿ ಬೇಟೆಗೆ ಹೋಗುವ ರೂಢಿ ಇತ್ತು.

ಪೆಟ್ಟು ತಿಂದ ಪ್ರಾಣಿ

ಸಣ್ಣ ಚರೆಯಿಂದ ದೊಡ್ಡ ಪ್ರಾಣಿಗೆ ಹೊಡೆದರೆ ಏನಾಗುತ್ತದೆ? ಹಂದಿಯ ಉದಾಹರಣೆಯನ್ನೇ ನೋಡಬಹುದು. ಬೆಳೆದ ಗಂಡುಹಂದಿಯ ಭುಜ ಮತ್ತು ಪಕ್ಕೆಯ ಮೇಲೆ ತೊಗಲಿನ ಕೆಳಗೆ ದಪ್ಪನೆಯ ಗಡುಸು ಪದರವಿರುತ್ತದೆ. ಹಂದಿಗಳು ಒಂದನ್ನೊಂದು ಕೋರೆಯಿಂದ ತಿವಿದಾಡುವಾಗ ಅದೇ ಗುರಾಣಿ. ಹಕ್ಕಿಗೆಂದು ಇಟ್ಟುಕೊಂಡಿದ್ದ 4 ಅಥವಾ 6ನೇ ನಂಬರಿನ ಚರೆ ಈ ಗುರಾಣಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಒಳಗಿನ ಪುಪ್ಪುಸ, ಹೃದಯಗಳಿಗೆ ತಲುಪುವುದಿಲ್ಲ. ಹಂದಿ ಬೀಳುವುದಿಲ್ಲ, ಓಡುತ್ತದೆ. ಗಾಯ ಕೀತು, ಹುಳ ಬಿದ್ದು, ದಿನಗಟ್ಟಲೆ ನರಳಿ ಎಲ್ಲೋ ಪೊದೆಯಲ್ಲಿ ಸಾಯುತ್ತದೆ. ಇಲ್ಲವೇ ಮರುದಿನ ಸೌದೆಗೆ, ಸೊಪ್ಪಿಗೆ ಹೋದವರ ಮೇಲೆ ಏರಿ ಬರುತ್ತದೆ. ಕೋವಿ ಹಾರಿಸಿದವನು ಅಷ್ಟು ಹೊತ್ತಿಗೆ ಮನೆಯಲ್ಲಿರುತ್ತಾನೆ.

ಕೇಪಿನ ಕೋವಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ತಕ್ಕ ಚರೆ ಸಿಗದಾಗ ಮೊಳೆಯ ತುಂಡು, ಸೈಕಲ್ಲಿನ ಬೇರಿಂಗ್ ಗುಂಡು, ಕಬ್ಬಿಣದ ಚೂರು ತುಂಬುವವರುಂಟು. ದುಂಡಗಿಲ್ಲದ ಚೂರು ನೆಟ್ಟಗೆ ಹೋಗುವುದಿಲ್ಲ, ವೇಗ ಉಳಿಸಿಕೊಳ್ಳುವುದಿಲ್ಲ. ಅದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಹರಿಯುತ್ತದೆ.

ಇದರ ಬೆಲೆಯನ್ನು ಮನುಷ್ಯರೂ ತೆತ್ತಿದ್ದಾರೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಬಲಭಾಗದ ಮೇಲಿನ ಹಾಗೂ ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಅದು ಹಳೆಯ ಗುಂಡೇಟಿನ ಫಲ. ಸಹಜ ಬೇಟೆಯಾಡಲಾರದೆ ಅದು ಮನುಷ್ಯರತ್ತ ತಿರುಗಿತೆಂದು ಕಾರ್ಬೆಟ್ ಬರೆದರು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ ಸಹ ದಕ್ಷಿಣದ ಕಾಡುಗಳ ಅನುಭವದಿಂದ ಇದನ್ನೇ ಹೇಳಿದರು. ಹಳ್ಳಿಗರ ಕೋವಿಯ ಏಟು ತಿಂದು ಕುಂಟಾದ, ಕುರುಡಾದ ಹುಲಿ-ಚಿರತೆಗಳು ಅವರ ಅನೇಕ ಪ್ರಸಂಗಗಳಲ್ಲಿ ಬರುತ್ತವೆ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಅವುಗಳನ್ನು ಕನ್ನಡಕ್ಕೆ ತಂದ ಮೇಲೆ ನಮ್ಮ ಓದುಗರಿಗೂ ಅವು ಪರಿಚಿತ.

ಹೀಗಾಗಿ ಚರೆಯ ನಂಬರ್ ಆರಿಸುವುದು ಹೆಚ್ಚು ಬೇಟೆ ಹೊಡೆಯುವ ಉಪಾಯವೆಂದು ಹಿರಿಯ ಬೇಟೆಗಾರರು ತಿಳಿದಿರಲಿಲ್ಲ. ಹೊಡೆದರೆ ಅಲ್ಲೇ ಬೀಳಬೇಕು. ಬೀಳಿಸಲಾಗದಿದ್ದರೆ ಕೋವಿ ಎತ್ತಬಾರದು ಎಂಬುದು ಅದರ ತಿರುಳು. ಕೈಯಲ್ಲಿ ಹಕ್ಕಿಯ ತೋಟಾ ಇರುವಾಗ ಕಡವೆ ಎದುರಾದರೆ ಸುಮ್ಮನೆ ನೋಡಿ ಕಳಿಸುವುದೇ ಸರಿಯಾದ ಬೇಟೆಗಾರನ ಲಕ್ಷಣ.

ಕಾನೂನಿನೊಳಗೂ ಬಂದ ಚರೆ

ಈ ಅಲಿಖಿತ ನೀತಿಗೆ ಸರ್ಕಾರವೂ ಮುದ್ರೆ ಒತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಜಾರಿಯಾದಾಗ ಬೇಟೆ ಸಂಪೂರ್ಣ ನಿಷಿದ್ಧವಾಗಿರಲಿಲ್ಲ. ಸಣ್ಣ ಬೇಟೆ, ದೊಡ್ಡ ಬೇಟೆ, ವಿಶೇಷ ಬೇಟೆ ಎಂದು ಪ್ರಾಣಿಗಳನ್ನು ವಿಂಗಡಿಸಿ ಪರವಾನಗಿ ನೀಡಲಾಗುತ್ತಿತ್ತು. ಕಾಯ್ದೆಯ 17ನೇ ಕಲಮು ಬೇಟೆಯ ವಿಧಾನಕ್ಕೂ ಕಡಿವಾಣ ಹಾಕಿತ್ತು. ರಾತ್ರಿ ಬೇಟೆ ಕೂಡದು, ವಾಹನದಿಂದ ಹೊಡೆಯಕೂಡದು, ನೀರಿನ ಕಡೆ ಕಾದು ಕೂತು ಹೊಡೆಯಕೂಡದು. ಅದರ ಜೊತೆಗೆ ದೊಡ್ಡ ಹಾಗೂ ವಿಶೇಷ ಬೇಟೆಯ ಪ್ರಾಣಿಗಳನ್ನು ರೈಫಲ್ಲಿನಿಂದ ಮಾತ್ರ ಹೊಡೆಯಬೇಕು. ಚರೆಕೋವಿ ಬಳಸುವುದಾದರೆ ಪರವಾನಗಿಯಲ್ಲಿ ವಿಶೇಷ ಅನುಮತಿ ಇರಬೇಕು, ಅದರಲ್ಲೂ ಒಂಟಿ ಗುಂಡನ್ನೇ ಹಾರಿಸಬೇಕು ಎಂಬ ಷರತ್ತಿತ್ತು. ಚರೆಯ ಏಟಿನಿಂದ ದೊಡ್ಡ ಪ್ರಾಣಿ ಅರೆಜೀವವಾಗುವುದನ್ನು ತಪ್ಪಿಸುವ ಮಾರ್ಗ ಇದು.

1991ರ ತಿದ್ದುಪಡಿಯೊಂದಿಗೆ ಪರವಾನಗಿಯ ಈ ಯುಗ ಮುಗಿಯಿತು. ಬೇಟೆಯೇ ನಿಷೇಧವಾದ ಮೇಲೆ ಬೇಟೆಯ ವಿಧಾನ ಹೇಳುವ ಕಲಮಿಗೆ ಕೆಲಸವಿರಲಿಲ್ಲ, ಅದನ್ನೂ ತೆಗೆದುಹಾಕಲಾಯಿತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಮರುಜೋಡಿಸಿ, ಸಂರಕ್ಷಿತ ಪ್ರಾಣಿಗಳನ್ನು ಒಂದು ಮತ್ತು ಎರಡನೇ ಅನುಸೂಚಿಗಳಲ್ಲಿ ಸೇರಿಸಲಾಗಿದೆ. ಕಾಡುಹಂದಿ ಎರಡನೆಯದರಲ್ಲಿದೆ. ನವಿಲು, ಕಾಟಿ, ಆನೆ ಮೊದಲನೆಯದರಲ್ಲಿವೆ.

ಆದರೂ ಒಂದು ಕಿರುಬಾಗಿಲು ಉಳಿದಿದೆ. ಎರಡನೇ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಪ್ರಾಣಕ್ಕಾಗಲಿ, ಬೆಳೆಯೂ ಸೇರಿದಂತೆ ಆಸ್ತಿಗಾಗಲಿ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗೆ ಮನವರಿಕೆಯಾದರೆ, ಕಾರಣಗಳನ್ನು ಬರೆದು ಲಿಖಿತ ಆದೇಶದ ಮೂಲಕ ಅದನ್ನು ಕೊಲ್ಲಲು ಅನುಮತಿ ನೀಡಬಹುದು. ಹನ್ನೊಂದನೇ ಕಲಮಿನ ಈ ಆದೇಶವಿಲ್ಲದೆ ತೋಟಕ್ಕೆ ಬಂದ ಹಂದಿಯನ್ನು ಹೊಡೆದರೂ ಅದು ಅಪರಾಧವೇ. ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬ ಈ ಅಂತರ ಎಷ್ಟೋ ಜನರಿಗೆ ತಿಳಿಯುವುದು ಮೊಕದ್ದಮೆ ದಾಖಲಾದ ಮೇಲೆ.

ಕೋವಿಯ ಪರವಾನಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸಿಗುವಂಥದು. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿ ಸಾಕು ಎಂಬುದು ಆ ಕಾಯ್ದೆಯ ಮೂಲ ಭಾವನೆ. ಅದು ಸಾಲದೆಂದು ಅಧಿಕಾರಿಗೆ ಕಂಡುಬಂದರೆ ಮಾತ್ರ ಬೇರೆ ಬಗೆಯ ನುಣುಪುನಳಿಗೆಯ ಕೋವಿಗೆ ಪರವಾನಗಿ ಕೊಡಬಹುದು. ಕೊಡಗಿನ ವ್ಯವಸ್ಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೊಡವರಲ್ಲಿ ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸುವ ಸಂಪ್ರದಾಯವಿದೆ. ಆದರೆ ವನ್ಯಜೀವಿ ಕಾಯ್ದೆಯಿಂದ ಅವರಿಗೂ ವಿನಾಯಿತಿ ಇಲ್ಲ.

ತೋಟದ ಮನೆಯ ಇಕ್ಕಟ್ಟು

ದಕ್ಷಿಣ ಕನ್ನಡದ ಕೃಷಿಕನ ಮಟ್ಟಿಗೆ ಚರೆಯ ಆಯ್ಕೆಗೆ ಇನ್ನೊಂದು ಮಗ್ಗುಲೂ ಇದೆ. ಬಯಲುಸೀಮೆಯಂತೆ ಇಲ್ಲಿ ಊರು ಒಂದು ಕಡೆ, ಹೊಲ ಒಂದು ಕಡೆ ಇರುವುದಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಒಬ್ಬರ ಅಡಿಕೆ ತೋಟದ ಬೇಲಿ ದಾಟಿದರೆ ಇನ್ನೊಬ್ಬರ ಅಂಗಳ. ನಡುವೆ ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ.

ಚರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಫ್ರಾನ್ಸಿನ ಜೂರ್ನೆ ಎಂಬ ಸೇನಾಧಿಕಾರಿ ಒಂದು ಸೂತ್ರ ಕೊಟ್ಟಿದ್ದಾನೆ. ಚರೆಯ ದಪ್ಪವನ್ನು ಅಂಗುಲದಲ್ಲಿ ಬರೆದು 2200ರಿಂದ ಗುಣಿಸಿದರೆ ಅದು ಹೋಗಿ ಬೀಳಬಹುದಾದ ಗರಿಷ್ಠ ದೂರ ಗಜಗಳಲ್ಲಿ ಸಿಗುತ್ತದೆ. ಅದರಂತೆ 6ನೇ ನಂಬರಿನ ಚರೆ ಹೆಚ್ಚೆಂದರೆ 225 ಗಜ ಹೋಗುತ್ತದೆ. ಎಸ್.ಜಿ. ಹೋಗುವುದು 700 ಗಜಕ್ಕೂ ಆಚೆ. ಬೇಟೆಗೆ ಪರಿಣಾಮಕಾರಿಯಾದ ದೂರ ಮೂವತ್ತು ನಲವತ್ತು ಗಜವೇ ಆದರೂ ಗುರಿ ತಪ್ಪಿದ ಕಾಳು ಅಲ್ಲಿಗೇ ನಿಲ್ಲುವುದಿಲ್ಲ.

ಇಕ್ಕಟ್ಟು ಇರುವುದು ಇಲ್ಲೇ. ಹಂದಿಯನ್ನು ನೋವಿಲ್ಲದೆ ಬೀಳಿಸಬಲ್ಲ ದೊಡ್ಡ ಚರೆ ನೆರೆಮನೆಯ ಅಂಗಳವನ್ನೂ ತಲುಪಬಲ್ಲದು. ನೆರೆಮನೆಗೆ ಅಪಾಯ ತಾರದ ಸಣ್ಣ ಚರೆ ಹಂದಿಯನ್ನು ಬೀಳಿಸದೆ ಗಾಯಗೊಳಿಸಿ ಕಳಿಸುತ್ತದೆ. ರಾತ್ರಿಯ ಕತ್ತಲಲ್ಲಿ ಪೊದೆ ಅಲುಗಾಡಿದ್ದನ್ನೇ ನಂಬಿ ಹಾರಿಸಿದ ಈಡಿಗೆ ಮನುಷ್ಯರು ಬಲಿಯಾದ ಸುದ್ದಿಗಳು ಮಲೆನಾಡು, ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಬರುವುದುಂಟು. ಎಳೆ ಅಡಿಕೆ ಸಸಿ, ಬಾಳೆ, ಮರಗೆಣಸುಗಳನ್ನು ಒಂದೇ ರಾತ್ರಿಯಲ್ಲಿ ಹಂದಿಯ ಹಿಂಡಿಗೆ ಕಳೆದುಕೊಳ್ಳುವ ಕೃಷಿಕನ ಸಂಕಟವೂ ಸುಳ್ಳಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವುದು ಅವನ ಬಹುಕಾಲದ ದೂರು. ಈ ಎಲ್ಲ ಕಾರಣಗಳಿಂದ ಅನೇಕ ತೋಟಗಳಲ್ಲಿ ಕೋವಿಯ ನಿಜವಾದ ಉಪಯೋಗ ಸದ್ದು ಮಾತ್ರ. ಸೀಸವಿಲ್ಲದೆ ಬರಿಯ ಮಸಿ ತುಂಬಿ ಹಾರಿಸಿದರೂ ಹಂದಿ, ಮಂಗ ಆ ಹೊತ್ತಿಗೆ ದೂರ ಸರಿಯುತ್ತವೆ. ಬೇಲಿ, ಕಾವಲು, ನಾಯಿ ಇವೇ ಮಿಕ್ಕ ದಿನಗಳ ರಕ್ಷಣೆ.

ನೆಲದಲ್ಲುಳಿಯುವ ಸೀಸ

ಗುರಿ ತಪ್ಪಿದ ಚರೆಯ ಕಥೆ ನೆಲಕ್ಕೆ ಬಿದ್ದ ಮೇಲೂ ಮುಗಿಯುವುದಿಲ್ಲ. ಒಂದು ಈಡಿನ ಮುನ್ನೂರು ಕಾಳುಗಳಲ್ಲಿ ಪ್ರಾಣಿಗೆ ತಗಲುವುದು ಬೆರಳೆಣಿಕೆಯಷ್ಟು. ಉಳಿದವು ಕೆರೆಯ ಕೆಸರಿನಲ್ಲೋ ಗದ್ದೆಯಲ್ಲೋ ಸೇರುತ್ತವೆ. ಬಾತುಕೋಳಿಗಳು ಕಾಳು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುತ್ತವೆ; ಅವುಗಳೊಂದಿಗೆ ಚರೆಯನ್ನೂ ನುಂಗುತ್ತವೆ. ಹೊಟ್ಟೆಯಲ್ಲಿ ಸವೆದ ಸೀಸ ರಕ್ತಕ್ಕೆ ಸೇರಿ ನರಗಳನ್ನು ಕುಂದಿಸುತ್ತದೆ. ಕೆಲವೇ ಕಾಳುಗಳು ಒಂದು ಹಕ್ಕಿಯನ್ನು ಕೊಲ್ಲಲು ಸಾಕು. ಅಂಥ ಹಕ್ಕಿಯನ್ನು ತಿಂದ ಹದ್ದಿಗೂ ವಿಷ ತಗಲುತ್ತದೆ.

ಇದನ್ನು ಮನಗಂಡ ಅಮೆರಿಕ 1991ರಲ್ಲಿ ಜಲಪಕ್ಷಿಗಳ ಬೇಟೆಗೆ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೇ ಕೈಬಿಟ್ಟಿತು. ಯುರೋಪಿನ ಒಕ್ಕೂಟದಲ್ಲಿ ಜೌಗು ಪ್ರದೇಶಗಳ ಮಟ್ಟಿಗೆ ನಿಷೇಧ 2023ರಲ್ಲಿ ಜಾರಿಗೆ ಬಂತು. ಸೀಸದ ಬದಲು ಅಲ್ಲಿ ಬಂದಿರುವುದು ಉಕ್ಕಿನ ಚರೆ. ಉಕ್ಕು ಸೀಸಕ್ಕಿಂತ ಹಗುರ. ಆದ್ದರಿಂದ ಅದೇ ಪರಿಣಾಮಕ್ಕೆ ಎರಡು ನಂಬರಿನಷ್ಟು ದೊಡ್ಡ ಚರೆ ಆರಿಸಬೇಕಾಗುತ್ತದೆ. ಎಣಿಕೆ ಮತ್ತು ತೂಕದ ಹಳೆಯ ಲೆಕ್ಕ ಅಲ್ಲಿ ಮತ್ತೆ ಮೊದಲಿನಿಂದ ಶುರುವಾಗಿದೆ.

ನಮ್ಮಲ್ಲಿ ಆ ಲೆಕ್ಕವನ್ನು ಬಾಯಿಪಾಠವಾಗಿ ಬಲ್ಲ ಹಿರಿಯರ ತಲೆಮಾರು ಹಿಂದೆ ಸರಿಯುತ್ತಿದೆ. ಕೋವಿಗಳು ಮಾತ್ರ ತಂದೆಯಿಂದ ಮಗನಿಗೆ ಪರವಾನಗಿಯೊಂದಿಗೆ ಬರುತ್ತಿವೆ. ಕೋವಿಯ ಜೊತೆಗೆ ಬರಬೇಕಾದ ತಿಳಿವಳಿಕೆ ಹಾಗೆ ತಾನಾಗಿ ಬರುವುದಿಲ್ಲ. ಯಾವುದನ್ನು ಹೊಡೆಯಕೂಡದು, ಎಲ್ಲಿಂದ ಹೊಡೆಯಕೂಡದು, ಕೈಯಲ್ಲಿರುವ ತೋಟಾ ಯಾವುದಕ್ಕೆ ಸಾಲದು ಎಂಬ ಮೂರು ಮಾತುಗಳೇ ಆ ತಿಳಿವಳಿಕೆಯ ಸಾರ. ಪಂಜದ ಹಂದಿ ಯಾರದೆಂಬ ಜಗಳದಲ್ಲಿ ಪ್ರಾಣ ಹೋದದ್ದು ವೀರರದ್ದು. ಇಂದು ತಪ್ಪು ಚರೆ ತಿಂದು ಕಾಡು ಸೇರಿದ ಹಂದಿ ತನ್ನದೆಂದು ಹೇಳಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ.